ಬಂದೂಕಿನ ಜಾಗಕ್ಕೆ ಬಂದ ಕ್ಯಾಮೆರಾ

ದೀಪಾವಳಿ ಕಳೆದು ಕಾರ್ತಿಕದ ಚಳಿ ಕಾಲಿಡುವ ಹೊತ್ತಿಗೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲು ಹಸಿರು ಕಳೆದುಕೊಂಡು ಹೊಂಬಣ್ಣಕ್ಕೆ ತಿರುಗುತ್ತದೆ. ಬೆಳಗಿನ ಮಂಜು ಸರಿದಂತೆ ಹುಲ್ಲಿನ ನಡುವೆ ಸುರುಳಿ ಕೊಂಬಿನ ತಲೆಗಳು ಒಂದೊಂದಾಗಿ ಮೇಲೇಳುತ್ತವೆ. ಅವು ಕೃಷ್ಣಮೃಗಗಳು. ಛಾಯಾಗ್ರಾಹಕರಿಗೆ ಈ ಪ್ರಾಣಿ ಹಿಂದಿನಿಂದಲೂ ಒಂದು ಪರೀಕ್ಷೆ. ಗಂಡಿನ ಬೆನ್ನು ಕಡುಗಪ್ಪು, ಹೊಟ್ಟೆ ಅಚ್ಚಬಿಳುಪು. ಕಪ್ಪಿಗೆ ಬೆಳಕು ಹೊಂದಿಸಿದರೆ ಬಿಳುಪು ಸುಟ್ಟಂತಾಗುತ್ತದೆ, ಬಿಳುಪಿಗೆ ಹೊಂದಿಸಿದರೆ ಕಪ್ಪು ಮಸಿಯಾಗುತ್ತದೆ. ಚಳಿಗಾಲದ ಆರಂಭದಲ್ಲಿ ಓರೆಯಾಗಿ ಬೀಳುವ ಎಳೆ ಬಿಸಿಲು ಮಾತ್ರ ಎರಡನ್ನೂ ಸ್ವಲ್ಪ ಹೊತ್ತು ಕಾಪಾಡಿಕೊಡುತ್ತದೆ.

ಈ ಬಯಲುಸೀಮೆಯಲ್ಲಿ ಹಿಮ ಬೀಳುವುದಿಲ್ಲ, ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ದೂರದ ಉತ್ತರದ ಹಿಮಕ್ಕೂ ಇಲ್ಲಿಗೂ ನಂಟಿದೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಚಳಿ ಬಲಿತು ಆಹಾರ ಕಡಿಮೆಯಾಗುವ ಮುನ್ನವೇ ಸೆಳೆವ ಎಂಬ ಹದ್ದಿನ ಜಾತಿಯ ಹಕ್ಕಿಗಳು ದಕ್ಷಿಣಕ್ಕೆ ಹೊರಡುತ್ತವೆ. ಸಾವಿರಾರು ಮೈಲಿ ಹಾರಿ ಬಂದು ನಮ್ಮ ಹುಲ್ಲು ಬಯಲುಗಳ ಮೇಲೆ ತೇಲುತ್ತ ಮಿಡತೆ, ಇಲಿಗಳನ್ನು ಹುಡುಕುತ್ತವೆ, ರಾತ್ರಿ ನೆಲದ ಮೇಲೆಯೇ ಮಲಗುತ್ತವೆ. ಹುಲ್ಲಿನ ನಾಡಿನಿಂದ ಬಂದ ಹಕ್ಕಿಗೆ ಇಲ್ಲಿ ಬೇಕಾದದ್ದು ಕಾಡಲ್ಲ, ಹುಲ್ಲೇ.

ವನ್ಯಜೀವಿ ಛಾಯಾಗ್ರಹಣದ ಕಥೆಯೂ ಉತ್ತರದ ಕಾಡುಗಳಿಂದಲೇ ಬಂದದ್ದು. ಅಮೆರಿಕದ ಮಿಷಿಗನ್ ಪ್ರಾಂತದ ಕೆರೆಗಳ ಸುತ್ತ ಬೇಟೆಗಾರರು ರಾತ್ರಿ ದೋಣಿಯ ಮೂತಿಗೆ ದೀಪ ಕಟ್ಟಿಕೊಂಡು ಹೊರಡುತ್ತಿದ್ದರು. ಬೆಳಕಿಗೆ ಬೆರಗಾಗಿ ನಿಂತ ಜಿಂಕೆಗೆ ಗುಂಡು ಹೊಡೆಯುವುದು ಅವರ ಪದ್ಧತಿ. ಜಾರ್ಜ್ ಶೈರಾಸ್ ಎಂಬ ವಕೀಲ ಅದೇ ದೋಣಿ, ಅದೇ ದೀಪವನ್ನು ಉಳಿಸಿಕೊಂಡು ಬಂದೂಕಿನ ಜಾಗದಲ್ಲಿ ಕ್ಯಾಮೆರಾ ಇಟ್ಟ. ದಡದಲ್ಲಿ ತಂತಿ ಎಳೆದು, ಪ್ರಾಣಿಯೇ ಅದನ್ನು ತಾಗಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಉಪಾಯವನ್ನೂ ಬಳಸಿದ. 1906ರ ಜುಲೈನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವನ 74 ಚಿತ್ರಗಳನ್ನು ಪ್ರಕಟಿಸಿತು.

ಭಾರತದಲ್ಲಿ ಈ ಉಪಾಯವನ್ನು ಹುಲಿಯ ದಾರಿಗೆ ತಂದವನು ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ. 1920ರ ದಶಕದಲ್ಲಿ ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಆತ ತಂತಿ ಕಟ್ಟಿ, ಮೆಗ್ನೀಸಿಯಂ ಪುಡಿಯ ಬೆಳಕಿನಲ್ಲಿ ಹುಲಿಗಳ ಚಿತ್ರ ತೆಗೆದ. 1927ರಲ್ಲಿ ಅವು ಪುಸ್ತಕವಾಗಿ ಬಂದವು. ಜಿಮ್ ಕಾರ್ಬೆಟ್ ಕ್ಯಾಮೆರಾ ಹಿಡಿಯಲು ಚಾಂಪಿಯನ್ನನ ಚಿತ್ರಗಳೂ ಪ್ರೇರಣೆ.

ಮೈಸೂರು ಸೀಮೆಯಲ್ಲಿ ಆಗಿನ್ನೂ ಬಂದೂಕಿನ ಕಾಲ. ಕೃಷ್ಣಮೃಗದ ಕೊಂಬು ಬಂಗಲೆಗಳ ಗೋಡೆಗೆ ಅಲಂಕಾರವಾಗಿತ್ತು. ಬೇಟೆಗೆ ಮಿತಿ ಹಾಕಲು ಮೈಸೂರು ಸರ್ಕಾರ 1901ರಲ್ಲೇ ಕಾನೂನು ತಂದಿತ್ತಾದರೂ, ಅದು ಬೇಟೆಯನ್ನು ನಿಲ್ಲಿಸುವ ಕಾನೂನಾಗಿರಲಿಲ್ಲ. ವಿಜ್ಞಾನಕ್ಕೂ ಬಂದೂಕು ಬೇಕಾಗಿತ್ತು. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ, ಹೊಡೆದು ಚರ್ಮ ಸುಲಿದು ತುಂಬಿಟ್ಟ ಹಕ್ಕಿಯೇ ಆ ಕಾಲದ ಒಪ್ಪಿತ ದಾಖಲೆ.

ಸ್ವಾತಂತ್ರ್ಯಾನಂತರ ಈ ನಾಡಿನಲ್ಲೇ ಕ್ಯಾಮೆರಾದ ಒಂದು ಪರಂಪರೆ ಬೆಳೆಯಿತು. ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಅವರಿಂದ ಕಲಿತ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ದೇಶ ವಿದೇಶಗಳಲ್ಲಿ ಹೆಸರಾದರು. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರವನ್ನೂ ಹಕ್ಕಿಗಳ ಮಾತನ್ನೂ ಕನ್ನಡದ ಓದುಗರ ಮನೆಗೆ ತಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದೂಕನ್ನು ಕೆಳಗಿಳಿಸಿತು.

ಆದರೆ ಹುಲ್ಲು ಬಯಲಿನ ಸಂಕಟ ಬೇಟೆಯಿಂದಷ್ಟೇ ಬಂದುದಲ್ಲ. ಕಂದಾಯದ ಕಡತದಲ್ಲಿ ಅದು ಬಂಜರು, ಖರಾಬು. ಅರಣ್ಯದ ಲೆಕ್ಕದಲ್ಲಿ ಅದು ಮರವಿಲ್ಲದ ಕಾಡು, ಹಾಗಾಗಿ ನೀಲಗಿರಿ, ಅಕೇಸಿಯ ನೆಡಲು ತೆರವಾದ ಜಾಗ. ದಟ್ಟ ಕಾಡಿನ ಚಿತ್ರ ನೋಡಿದವರಿಗೆ ಅದನ್ನು ಉಳಿಸಬೇಕೆಂದು ಹೇಳಿಕೊಡಬೇಕಿಲ್ಲ. ಒಣ ಹುಲ್ಲಿನಲ್ಲಿ ಜೀವವಿದೆಯೆಂದು ನಂಬಿಸಲು ಮಾತ್ರ ಸಾಕ್ಷಿ ಬೇಕು.

ಆ ಸಾಕ್ಷಿ ಒದಗಿಸಿದ್ದು ಸ್ಥಳೀಯ ನಿಸರ್ಗಾಸಕ್ತರು. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನ ಸದಸ್ಯರು ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳನ್ನು ಎಣಿಸಿದರು, ಹಕ್ಕಿಗಳ ಪಟ್ಟಿ ಮಾಡಿದರು, ಚಿತ್ರ ತೆಗೆದರು. 2007ರಲ್ಲಿ ಸುಮಾರು 798 ಎಕರೆ ಬಯಲು 'ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು' ಆಯಿತು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುವ ನದಿಯ ಹೆಸರೇ ಅದಕ್ಕೆ ಬಂತು.

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಥೆ ಇನ್ನೂ ಸ್ಪಷ್ಟ. ಅಲ್ಲಿನ ಕುರುಚಲು ಕಾಡಿಗೆ ಹೊರಗೆ ಹೇಳಿಕೊಳ್ಳುವಂಥ ಹೆಸರಿರಲಿಲ್ಲ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಮರಗಳಿಗೆ ಸ್ವಯಂಚಾಲಿತ ಕ್ಯಾಮೆರಾ ಕಟ್ಟಿದರು. ಪ್ರಾಣಿಯ ಮೈಶಾಖ, ಚಲನೆಗಳಿಗೆ ತಾನೇ ಎಚ್ಚೆತ್ತು ಚಿತ್ರ ತೆಗೆಯುವ ಈ ಪೆಟ್ಟಿಗೆ ಶೈರಾಸನ ತಂತಿಯ ಮೊಮ್ಮಗನಿದ್ದಂತೆ. ಅದರಲ್ಲಿ ಸಿಕ್ಕಿದ್ದು ಚಿಂಕಾರ. ತೆಳು ಕಂದು ಬಣ್ಣದ, ಮನುಷ್ಯರ ಕಣ್ಣಿಗೆ ಬೀಳದೆ ಓಡುವ ಈ ಪುಟ್ಟ ಹುಲ್ಲೆ ಇಲ್ಲಿ ಬದುಕಿದೆಯೆಂಬುದಕ್ಕೆ ಆ ಚಿತ್ರಗಳು ಪುರಾವೆಯಾದವು. ಕೊಂಡುಕುರಿಯೂ ಇದೇ ಕಾಡಿನಲ್ಲಿದೆ. 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮ ಘೋಷಣೆಯಾಯಿತು. ಇಲ್ಲಿ ಯಾರೂ ಪ್ರಾಣಿಯನ್ನು ಕೊಂದು ದಾಖಲೆ ಮಾಡಬೇಕಾಗಲಿಲ್ಲ. ಅದು ನಡೆದು ಹೋದ ಕ್ಷಣದ ಚಿತ್ರವೇ ಸಾಕಾಯಿತು.

ಇನ್ನೊಂದು ತುದಿಯಲ್ಲಿ ಪಾವಗಡವಿದೆ. ಬರದಿಂದ ಬಸವಳಿದ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ 2018ರಲ್ಲಿ ಸೌರ ವಿದ್ಯುತ್ ಪಾರ್ಕ್ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ 2,050 ಮೆಗಾವಾಟ್. ಬೆಳೆ ಕೈಗೆ ಹತ್ತದ ರೈತನಿಗೆ ವರ್ಷ ವರ್ಷ ಬರುವ ಗುತ್ತಿಗೆ ಹಣ ಸಣ್ಣ ಆಸರೆಯಲ್ಲ, ನಾಡಿಗೆ ವಿದ್ಯುತ್ತೂ ಬೇಕು. ಆದರೆ ಬಯಲೆಂದರೆ ಬರಿದು ಎಂದು ಮೊದಲೇ ತೀರ್ಮಾನಿಸಿ ಹೊರಟರೆ, ಕಳೆದುಕೊಂಡದ್ದೇನು ಎಂದು ಹೇಳಲು ಆಮೇಲೆ ಯಾವ ಚಿತ್ರವೂ ಉಳಿದಿರುವುದಿಲ್ಲ. ಕಂಬ ನೆಡುವ ಮುನ್ನ ಎಣಿಸಬೇಕು, ಎಣಿಸುವ ಮುನ್ನ ನೋಡಬೇಕು.

ಕ್ಯಾಮೆರಾ ಕೂಡ ಪೂರ್ತಿ ನಿರಪರಾಧಿಯೇನಲ್ಲ. ಡಿಜಿಟಲ್ ಯಂತ್ರ ಅಗ್ಗವಾದ ಮೇಲೆ ಒಂದು ಓಟದ ಚಿತ್ರಕ್ಕಾಗಿ ಹಿಂಡನ್ನು ಜೀಪಿನಲ್ಲಿ ಬೆನ್ನಟ್ಟುವವರೂ, ಗೂಡಿನ ಮುಂದಿನ ಕೊಂಬೆ ಕತ್ತರಿಸುವವರೂ ಹುಟ್ಟಿಕೊಂಡರು. ಬಂದೂಕು ಬಿಟ್ಟರೂ ಬೇಟೆಯ ಬುದ್ಧಿ ಬಿಡದಿದ್ದರೆ ಪ್ರಾಣಿಗೆ ಎರಡೂ ಒಂದೇ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಜನರ ನಡೆ ಇದಕ್ಕೆ ತದ್ವಿರುದ್ಧ. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದಾಗ ಅವರು ಹಕ್ಕಿಗಳಿಗೆ ಕೇಡಾಗದಂತೆ ಕಾಯ್ದುಕೊಂಡು ಬಂದಿದ್ದಾರೆ. ಅವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ನೋಡುವ ತಾಳ್ಮೆ ಇತ್ತು.

ಕೃಷ್ಣಮೃಗ ರಾಗಿ, ಕಡಲೆಕಾಯಿ ಹೊಲಕ್ಕೆ ನುಗ್ಗಿದಾಗ ನಷ್ಟ ಹೊರುವವನು ಬಯಲಿನ ಅಂಚಿನ ರೈತ. ಅವನ ದೂರಿಗೂ ಕಿವಿಗೊಡದೆ ಚಿತ್ರದ ಸೌಂದರ್ಯವನ್ನಷ್ಟೇ ಹೊಗಳಿದರೆ ಮೀಸಲು ಪ್ರದೇಶ ಕಾಗದದ ಮೇಲೆ ಉಳಿದೀತು. ಒಂದು ಚಿತ್ರ ಮಾಡಬಹುದಾದ ಕೆಲಸ ಇಷ್ಟೇ: ಇಲ್ಲಿ ಏನೂ ಇಲ್ಲ ಎನ್ನುವವರ ಮುಂದೆ, ಇದೆ ಎಂದು ತೋರಿಸುವುದು. ಮಧುಗಿರಿ, ಶಿರಾ ಸೀಮೆಯಲ್ಲಿ ಆ ಕೆಲಸ ಎರಡು ಸಲ ಫಲ ಕೊಟ್ಟಿದೆ. ಉಳಿದ ಬಯಲುಗಳ ಚಿತ್ರ ಇನ್ನೂ ತೆಗೆಯಬೇಕಾಗಿದೆ.