ಕಾಗಿಣಾ ತೀರದ ಸುತ್ತಾಟ: ಮಳಖೇಡ, ನಾಗಾವಿ, ಸನ್ನತಿ ಮತ್ತು ಜೋಳದ ರೊಟ್ಟಿ

ರಾಜ್ಯದ ಹಳೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲನ್ನು ಕಾಣದವರು ಕಡಿಮೆ. ಆದರೆ ಆ ಕಲ್ಲಿನ ಊರನ್ನು ಕಂಡವರು ವಿರಳ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳನ್ನು ಸಾಮಾನ್ಯವಾಗಿ ಪ್ರವಾಸಿಗರು ರೈಲಿನ ಕಿಟಕಿಯಿಂದ ನೋಡಿ ಮುಂದೆ ಸಾಗುತ್ತಾರೆ. ಸಿಮೆಂಟ್ ಕಾರ್ಖಾನೆಗಳ ಚಿಮಣಿ, ಕಲ್ಲುಗಣಿಗಳ ಬಿಳಿ ಧೂಳು, ಅದರಾಚೆ ತೊಗರಿ ಹೊಲ. ಇದೇ ಸುಣ್ಣಕಲ್ಲಿನ ನೆಲದಲ್ಲಿ ಅಶೋಕನ ಶಾಸನವಿದೆ, ರಾಷ್ಟ್ರಕೂಟರ ರಾಜಧಾನಿಯಿದೆ, ಸಾವಿರ ವರ್ಷದ ಹಿಂದಿನ ವಿದ್ಯಾಕೇಂದ್ರವಿದೆ. ಎರಡು ದಿನ ಬಿಡುವು ಮಾಡಿಕೊಂಡರೆ ಮುಖ್ಯವಾದವನ್ನು ನೋಡಬಹುದು.

ಸುತ್ತಾಟಕ್ಕೆ ಚಿತ್ತಾಪುರ ಅನುಕೂಲವಾದ ಕೇಂದ್ರ. ಅಲ್ಲಿಂದ ಉತ್ತರಕ್ಕೆ ಸಾಗಿದರೆ ಕಾಗಿಣಾ ನದಿಯ ದಂಡೆಯಲ್ಲಿ ದಂಡೋತಿ ಗ್ರಾಮ ಸಿಗುತ್ತದೆ. ದಂಡೋತಿಯ ಹೆಸರು ಪತ್ರಿಕೆಗಳಲ್ಲಿ ಬರುವುದು ಬಹುಪಾಲು ಮಳೆಗಾಲದಲ್ಲೇ. ಕಾಗಿಣಾ ಉಕ್ಕಿ ಸೇತುವೆಯ ಮೇಲೆ ನೀರು ಹರಿದರೆ ಸಂಚಾರ ನಿಂತುಹೋಗುತ್ತದೆ. ಆದ್ದರಿಂದ ಜುಲೈನಿಂದ ಅಕ್ಟೋಬರ್‌ವರೆಗೆ ಹೊರಡುವವರು ನದಿಯ ಸ್ಥಿತಿ ವಿಚಾರಿಸಿಕೊಳ್ಳುವುದು ಅಗತ್ಯ. ಏಪ್ರಿಲ್, ಮೇ ತಿಂಗಳುಗಳ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ಸಾಮಾನ್ಯ. ನವೆಂಬರ್‌ನಿಂದ ಫೆಬ್ರುವರಿ ಸೂಕ್ತ ಕಾಲ.

ಮಳಖೇಡ

ದಂಡೋತಿಯಿಂದ ನದಿಯ ಮೇಲ್ದಂಡೆಯತ್ತ ಹೋದರೆ ಸೇಡಂ ತಾಲ್ಲೂಕಿನ ಮಳಖೇಡ. ಇದೇ ಮಾನ್ಯಖೇಟ. ಕ್ರಿ.ಶ. 814ರಿಂದ ಆರು ದಶಕಗಳಿಗೂ ಮಿಕ್ಕಿ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ. ಕನ್ನಡದ ಲಭ್ಯ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ ಅವನ ಆಸ್ಥಾನದ ಕೊಡುಗೆ. ಮೂರನೆಯ ಕೃಷ್ಣನ ಕಾಲದಲ್ಲಿ ಪೊನ್ನ ಕನ್ನಡದಲ್ಲಿ, ಪುಷ್ಪದಂತ ಅಪಭ್ರಂಶದಲ್ಲಿ ಕಾವ್ಯ ರಚಿಸಿದ್ದು ಈ ಆಶ್ರಯದಲ್ಲೇ. 972ರಲ್ಲಿ ಪರಮಾರ ದೊರೆ ಸೀಯಕ ನಗರವನ್ನು ಲೂಟಿ ಮಾಡಿದ.

ಇಷ್ಟೆಲ್ಲ ಓದಿಕೊಂಡು ಹೋದವರಿಗೆ ಹಂಪಿಯಂಥ ನೋಟ ಸಿಗದು. ನದಿಯಂಚಿನಲ್ಲಿ ಶಿಥಿಲಗೊಂಡ ಕೋಟೆ, ಕುಸಿದ ಗೋಡೆಗಳು, ಕೋಟೆಯ ಸೆರಗಿನಲ್ಲೇ ಜನರ ವಾಸ. ಈಗ ಕಾಣುವ ಕೋಟೆಯ ಬಹುಭಾಗ ರಾಷ್ಟ್ರಕೂಟರ ನಂತರದ್ದು. ನಿರಾಶೆಯಾಗುವುದು ಸಹಜ. ಆದರೂ ಊರೊಳಗಿನ ನೇಮಿನಾಥ ಬಸದಿಯನ್ನು ನೋಡದೆ ಮರಳಬಾರದು. ಕಾಗಿಣಾ ದಂಡೆಯಲ್ಲಿ ಉತ್ತರಾದಿ ಮಠವಿದ್ದು, ಟೀಕಾಚಾರ್ಯ ಜಯತೀರ್ಥರ ಬೃಂದಾವನ ಇಲ್ಲಿದೆ ಎಂಬುದು ಆ ಮಠದ ಪರಂಪರೆ. 2020ರ ಅಕ್ಟೋಬರ್ ಪ್ರವಾಹದಲ್ಲಿ ಈ ಮಠಕ್ಕೂ ನೀರು ನುಗ್ಗಿತ್ತು.

ನಾಗಾವಿ ಮತ್ತು ಸನ್ನತಿ

ಚಿತ್ತಾಪುರ ಪಟ್ಟಣಕ್ಕೆ ಹೊಂದಿಕೊಂಡಂತಿರುವ ನಾಗಾವಿಗೆ ಭಕ್ತರು ಬರುವುದು ಯಲ್ಲಮ್ಮನ ದರ್ಶನಕ್ಕೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಘಟಿಕಾಸ್ಥಾನ, ಅಂದರೆ ಇಂದಿನ ಮಾತಿನಲ್ಲಿ ವಿಶ್ವವಿದ್ಯಾಲಯ. 1058ರ ಶಾಸನವು ವೇದ, ಶಾಸ್ತ್ರಗಳ ವಿದ್ಯಾರ್ಥಿಗಳನ್ನೂ ಬೋಧಕರನ್ನೂ ಹೆಸರಿಸಿ, ಆರು ಮಂದಿ ‘ಸರಸ್ವತೀ ಭಂಡಾರಿ’ಗಳಿಗೆ, ಎಂದರೆ ಗ್ರಂಥಪಾಲಕರಿಗೆ, ಭೂಮಿ ಬಿಟ್ಟುದನ್ನು ಹೇಳುತ್ತದೆ. ಇಂದಿನ ಎಷ್ಟು ಕಾಲೇಜುಗಳಲ್ಲಿ ಆರು ಗ್ರಂಥಪಾಲಕರಿದ್ದಾರೆ ಎಂಬ ಪ್ರಶ್ನೆ ಇಲ್ಲಿ ಯಾರಿಗಾದರೂ ಹೊಳೆದೀತು. ಅರವತ್ತು ಕಂಬದ ಗುಡಿ ಇಲ್ಲಿನ ಮುಖ್ಯ ಆಕರ್ಷಣೆ.

ಭೀಮಾ ದಡದ ಸನ್ನತಿಯನ್ನು ಮಾತ್ರ ಅವಸರದಲ್ಲಿ ನೋಡುವಂತಿಲ್ಲ. ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ 1980ರ ದಶಕದಲ್ಲಿ ಕುಸಿಯಿತು. ಅವಶೇಷ ತೆರವು ಮಾಡುವಾಗ ವಿಗ್ರಹದ ಪೀಠವಾಗಿದ್ದ ಬಂಡೆಯೇ ಅಶೋಕನ ಶಾಸನವೆಂದು ತಿಳಿಯಿತು. ಮೂರ್ತಿಯನ್ನು ನಿಲ್ಲಿಸಲು ಅಕ್ಷರಗಳ ನಡುವೆಯೇ ರಂಧ್ರ ಕೊರೆಯಲಾಗಿತ್ತು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಬೌದ್ಧ ಮಹಾಸ್ತೂಪ ಬೆಳಕಿಗೆ ಬಂತು. ರಾಣಿ ಹಾಗೂ ಪರಿಚಾರಿಕೆಯರೊಡನೆ ನಿಂತ ಅಶೋಕನ ಉಬ್ಬುಶಿಲ್ಪ ಇಲ್ಲಿ ದೊರೆತಿದೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ದೊರೆಯ ಹೆಸರೇ ಇದೆ. ಸ್ತೂಪವನ್ನು ಕಟ್ಟಿದ್ದು ಇದೇ ಸೀಮೆಯ ಸುಣ್ಣಕಲ್ಲಿನಿಂದ. ಮನೆಯ ನೆಲಕ್ಕೆ ಹಾಸುವ ಕಲ್ಲಿನಲ್ಲಿ ಎರಡು ಸಾವಿರ ವರ್ಷದ ಹಿಂದೆ ಎಂಥ ಕುಸುರಿ ಸಾಧ್ಯವಾಗಿತ್ತು ಎಂಬುದನ್ನು ಕಣ್ಣಾರೆ ಕಾಣಬೇಕು.

ಸೇಡಂ ಪಟ್ಟಣದಲ್ಲಿ ಪಂಚಲಿಂಗೇಶ್ವರ ದೇವಾಲಯವಿದೆ. ಶಾಸನಗಳಲ್ಲಿ ಈ ಊರಿನ ಹೆಸರು ಸೇಡಿಂಬ. ಕಾಡು ಬಯಸುವವರು ಇನ್ನೊಂದು ದಿನವನ್ನು ಚಿಂಚೋಳಿಗೆ ಮೀಸಲಿಡಬಹುದು. 2011ರಲ್ಲಿ ಘೋಷಣೆಯಾದ ಇಲ್ಲಿನ ವನ್ಯಜೀವಿ ಧಾಮದ ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರ್. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಎತ್ತಿಪೋತ ಜಲಪಾತ ಈ ಭಾಗದಲ್ಲಿವೆ. ಜಲಪಾತಕ್ಕೆ ಮಾತ್ರ ಮಳೆಯ ನಂತರದ ದಿನಗಳೇ ಸರಿ.

ಊಟ, ಉಪಾಹಾರ

ಬೆಳಿಗ್ಗೆ ಸುಸಲಾ, ಜತೆಗೆ ಬಿಸಿ ಮಿರ್ಚಿ ಭಜಿ. ಮಧ್ಯಾಹ್ನ ಖಾನಾವಳಿಯ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಬೇಳೆ. ಪುಂಡಿ ಸೊಪ್ಪಿನ ಹುಳಿಗೆ ಒಗ್ಗಿಕೊಳ್ಳಲು ದಕ್ಷಿಣದವರಿಗೆ ಒಂದೆರಡು ತುತ್ತು ಬೇಕಾದೀತು. ಬೇಳೆ ಇಲ್ಲಿನ ಹೆಮ್ಮೆ. ‘ಗುಲ್ಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದ್ದು, ಅದರ ರುಚಿಗೆ ಸುಣ್ಣದಂಶವುಳ್ಳ ಮಣ್ಣೇ ಕಾರಣವೆನ್ನಲಾಗುತ್ತದೆ. ಮಾಂಸಾಹಾರಿಗಳಿಗೆ ಕಲಬುರಗಿಯ ತಹರಿ, ಸಿಹಿಪ್ರಿಯರಿಗೆ ಮಾಲಪುರಿ ಇದೆ. ಡಿಸೆಂಬರ್–ಜನವರಿಯಲ್ಲಿ ಬರುವ ಎಳ್ಳಮಾಸಿಗೆ ಪರಿಚಯದವರ ಹೊಲಕ್ಕೆ ಕರೆ ಬಂದರೆ ತಪ್ಪಿಸಿಕೊಳ್ಳಬಾರದು. ಕಾಳು, ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ ಮತ್ತು ಸಜ್ಜಿ ರೊಟ್ಟಿ ಅಂಗಡಿಯಲ್ಲಿ ಈ ರುಚಿಯಲ್ಲಿ ಸಿಗುವುದಿಲ್ಲ.

ಸನ್ನತಿ, ಮಳಖೇಡಗಳಲ್ಲಿ ಊಟವನ್ನು ನೆಚ್ಚಿಕೊಳ್ಳುವಂತಿಲ್ಲ. ಬುತ್ತಿ, ನೀರು ಜತೆಗಿರಲಿ.

ತಲುಪುವುದು ಹೇಗೆ?

ಬೆಂಗಳೂರು–ಮುಂಬೈ ಮಾರ್ಗದ ಉದ್ಯಾನ್ ಎಕ್ಸ್‌ಪ್ರೆಸ್ ವಾಡಿ ಜಂಕ್ಷನ್ ಮತ್ತು ಶಹಾಬಾದ್‌ನಲ್ಲಿ ನಿಲ್ಲುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ಆರಂಭವಾದ ಮಾರ್ಗದಲ್ಲಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು ಬರುತ್ತವೆ. ಸನ್ನತಿಗೆ ಹತ್ತಿರದ ನಿಲ್ದಾಣ ನಾಲವಾರ. ಚಿಂಚೋಳಿಗೆ ರೈಲಿಲ್ಲ, ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಬೇಕು. ವಾಸ್ತವ್ಯಕ್ಕೆ ಕಲಬುರಗಿಯೇ ವಾಸಿ.