ಕ್ಯಾಂಪ್ ಡೇವಿಡ್, 1978: ವಸಾಹತು ಸ್ಥಗಿತದ ಅವಧಿ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

1978ರ ಸೆಪ್ಟೆಂಬರ್ 5ರಿಂದ 17ರವರೆಗೆ ಮೇರಿಲ್ಯಾಂಡ್‌ನ ಕ್ಯಾಂಪ್ ಡೇವಿಡ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್, ಈಜಿಪ್ಟ್ ಅಧ್ಯಕ್ಷ ಅನ್ವರ್ ಸಾದತ್ ಮತ್ತು ಇಸ್ರೇಲ್ ಪ್ರಧಾನಿ ಮೆನಾಖೆಮ್ ಬೆಗಿನ್ ನಡೆಸಿದ ಮಾತುಕತೆಯ ಬಗ್ಗೆ ಸಾಹಿತ್ಯ ವಿಪುಲವಾಗಿದೆ. ಆದರೂ ಒಂದು ಅಂಶ ಇತ್ಯರ್ಥವಾಗಿಲ್ಲ: ಪಶ್ಚಿಮ ದಂಡೆ ಮತ್ತು ಗಾಜಾದಲ್ಲಿ ಹೊಸ ಇಸ್ರೇಲಿ ವಸಾಹತು ಸ್ಥಾಪಿಸುವುದನ್ನು ಎಷ್ಟು ಕಾಲ ನಿಲ್ಲಿಸಲು ಬೆಗಿನ್ ಒಪ್ಪಿದ್ದರು? ‘ಬೆಗಿನ್ ಮೂರು ತಿಂಗಳು ಎಂದರು, ಕಾರ್ಟರ್ ಐದು ವರ್ಷ ಎಂದು ತಿಳಿದರು’ ಎಂಬ ನಿರೂಪಣೆ ಜನಪ್ರಿಯ ಬರಹಗಳಲ್ಲಿ ಆಗಾಗ ಕಾಣುತ್ತದೆ. ಇದರ ಮೊದಲರ್ಧಕ್ಕೆ ದಾಖಲೆಯ ಬೆಂಬಲವಿದೆ. ಎರಡನೆಯ ಅರ್ಧವನ್ನು ಪರಿಶೀಲಿಸುವುದಷ್ಟೇ ಈ ಟಿಪ್ಪಣಿಯ ಉದ್ದೇಶ. ಯಾರು ಮಾತಿಗೆ ತಪ್ಪಿದರು ಎಂಬ ತೀರ್ಪು ಇದರ ವ್ಯಾಪ್ತಿಯಲ್ಲಿಲ್ಲ.

2. ಪ್ರಕಟಿತ ಪಾಠಗಳು

17ರ ಸಂಜೆ ಶ್ವೇತಭವನದಲ್ಲಿ ಸಹಿಯಾದದ್ದು ಒಂದಲ್ಲ, ಎರಡು ದಾಖಲೆ. ಮೊದಲನೆಯದು ಮಧ್ಯಪ್ರಾಚ್ಯದ ಶಾಂತಿಯ ಚೌಕಟ್ಟು. ಪಶ್ಚಿಮ ದಂಡೆ ಮತ್ತು ಗಾಜಾಗಳಿಗೆ ಸ್ವಯಮಾಡಳಿತ ಪ್ರಾಧಿಕಾರವೊಂದನ್ನು ರಚಿಸುವ ಮಾತುಕತೆ ಹಾಗೂ ಐದು ವರ್ಷ ಮೀರದ ಸಂಕ್ರಮಣ ಕಾಲ ಇದರಲ್ಲಿವೆ. ಎರಡನೆಯದು ಈಜಿಪ್ಟ್–ಇಸ್ರೇಲ್ ಶಾಂತಿ ಒಪ್ಪಂದದ ಚೌಕಟ್ಟು. ಮೂರು ತಿಂಗಳೊಳಗೆ ಒಪ್ಪಂದ ಪೂರೈಸುವ ಗುರಿ ಇದರಲ್ಲಿದೆ. ಈ ಎರಡು ಕಾಲಮಿತಿಗಳು ಎರಡು ಬೇರೆ ಮಾತುಕತೆಗಳಿಗೆ ಸೇರಿದವು ಎಂಬುದನ್ನು ಗಮನದಲ್ಲಿಟ್ಟುಕೊಳ್ಳದಿದ್ದರೆ ಮುಂದಿನ ಚರ್ಚೆ ಹಿಡಿತಕ್ಕೆ ಸಿಗುವುದಿಲ್ಲ. ಪಶ್ಚಿಮ ದಂಡೆಯ ವಸಾಹತುಗಳ ಪ್ರಸ್ತಾಪ ಎರಡೂ ಚೌಕಟ್ಟುಗಳಲ್ಲಿ ಇಲ್ಲ.

ಚೌಕಟ್ಟುಗಳ ಜೊತೆಗೆ ಪ್ರಕಟವಾದ ಪತ್ರಗಳಲ್ಲಿಯೂ ಇಲ್ಲ. ಅವುಗಳಲ್ಲಿ ವಸಾಹತುಗಳಿಗೆ ಸಂಬಂಧಿಸಿ ಬೆಗಿನ್ ಕಾರ್ಟರ್‌ಗೆ ಬರೆದ ಪತ್ರವೊಂದಿದ್ದು ಅದರ ದಿನಾಂಕವೂ ಸೆಪ್ಟೆಂಬರ್ 17. ಆದರೆ ಅದರ ವಿಷಯ ಸಿನಾಯ್. ಅಲ್ಲಿನ ವಸಾಹತುಗಾರರ ತೆರವಿನ ಪ್ರಶ್ನೆಯನ್ನು ಎರಡು ವಾರದೊಳಗೆ ಇಸ್ರೇಲ್ ಸಂಸತ್ತಾದ ಕ್ನೆಸೆಟ್ ಮುಂದಿಡುವುದಾಗಿ ಬೆಗಿನ್ ಅದರಲ್ಲಿ ಬರೆದರು, ಹಾಗೆಯೇ ನಡೆದುಕೊಂಡರು. 84 ಪರ, 19 ವಿರೋಧ, 17 ತಟಸ್ಥ ಎಂಬ ಮತಗಣನೆ ಆಕರಗಳಲ್ಲಿ ಒಂದೇ ಆಗಿದ್ದರೂ ದಿನಾಂಕ ಕೆಲವೆಡೆ 27, ಕೆಲವೆಡೆ 28 ಎಂದಿದೆ. ಚರ್ಚೆ ಮಧ್ಯರಾತ್ರಿ ದಾಟಿ ನಡೆದದ್ದು ಇದಕ್ಕೆ ಕಾರಣವಿರಬೇಕು. ಸಿನಾಯ್ ಕುರಿತ ಈ ಪತ್ರವನ್ನೇ, ಮುಂದಿನ ಭಾಗದಲ್ಲಿ ಬರುವ ‘ಸ್ಥಗಿತದ ಪತ್ರ’ ಎಂದು ಉಲ್ಲೇಖಿಸುವುದು ಸರಿಯಲ್ಲ. ಒಂದೇ ದಿನಾಂಕ, ಒಬ್ಬರೇ ಲೇಖಕ, ಒಂದೇ ವಿಳಾಸದಾರ ಎಂಬ ಸಾಮ್ಯಗಳಿಂದಾಗಿ ಗೊಂದಲ ಸುಲಭ.

3. 16ರ ರಾತ್ರಿಯ ಸಭೆ

ಶನಿವಾರ, ಸೆಪ್ಟೆಂಬರ್ 16ರ ರಾತ್ರಿ ಒಂದು ಕಡೆ ಕಾರ್ಟರ್ ಮತ್ತು ಅವರ ವಿದೇಶಾಂಗ ಕಾರ್ಯದರ್ಶಿ ಸೈರಸ್ ವ್ಯಾನ್ಸ್, ಇನ್ನೊಂದು ಕಡೆ ಬೆಗಿನ್, ವಿದೇಶಾಂಗ ಸಚಿವ ಮೋಶೆ ದಯಾನ್ ಮತ್ತು ಕಾನೂನು ಸಲಹೆಗಾರ ಅಹರೋನ್ ಬರಾಕ್ ಕುಳಿತರು. ಸ್ಥಗಿತದ ಮಾತು ಬಂದದ್ದು ಇಲ್ಲಿ. ಈಜಿಪ್ಟ್ ಕಡೆಯವರು ಯಾರೂ ಇರಲಿಲ್ಲ. ಆದ್ದರಿಂದ ಈ ಸಭೆಯ ಬಗ್ಗೆ ಈಜಿಪ್ಟಿನ ಯಾವುದೇ ಹೇಳಿಕೆಯನ್ನು ಪರೋಕ್ಷ ಸಾಕ್ಷ್ಯವೆಂದೇ ಎಣಿಸಬೇಕು.

ಅಮೆರಿಕದ ಸಾಕ್ಷ್ಯ ಎರಡು ಗ್ರಂಥಗಳಲ್ಲಿದೆ: ಕಾರ್ಟರ್ ಅವರ ‘ಕೀಪಿಂಗ್ ಫೇತ್’ (1982) ಮತ್ತು ವ್ಯಾನ್ಸ್ ಅವರ ‘ಹಾರ್ಡ್ ಚಾಯ್ಸಸ್’ (1983). ಸ್ವಯಮಾಡಳಿತದ ಮಾತುಕತೆ ನಡೆಯುವಷ್ಟು ಕಾಲ ಹೊಸ ವಸಾಹತು ಇಲ್ಲ ಎಂದು ಬೆಗಿನ್ ಒಪ್ಪಿದ್ದರು ಎಂಬುದು ಇಬ್ಬರ ಗ್ರಹಿಕೆ. ಬೆಗಿನ್ ಅವರ ನಿಲುವು ಬೇರೆ: ಒಪ್ಪಿಗೆ ಈಜಿಪ್ಟ್ ಜೊತೆಗಿನ ಒಪ್ಪಂದದ ಮಾತುಕತೆಗೆ, ಅಂದರೆ ಮೂರು ತಿಂಗಳಿಗೆ ಮಾತ್ರ. ಅವರು ಕಳಿಸಿದ ಪತ್ರವೂ ಇದನ್ನೇ ಹೇಳಿತು. ಕಾರ್ಟರ್ ಅದನ್ನು ಒಪ್ಪದೆ ಹಿಂದಿರುಗಿಸಿದರು, ಆದರೆ ಬದಲಿ ಪತ್ರ ಕೈಸೇರುವ ಮೊದಲೇ ಸಹಿ ಸಮಾರಂಭ ಮುಗಿದುಹೋಯಿತು. ಘಟನಾಕ್ರಮದ ಈ ಭಾಗಕ್ಕೆ, ಆಗ ಅಮೆರಿಕದ ನಿಯೋಗದಲ್ಲಿದ್ದ ವಿಲಿಯಂ ಕ್ವಾಂಟ್ ಅವರ ‘ಕ್ಯಾಂಪ್ ಡೇವಿಡ್’ (1986) ಮುಖ್ಯ ಆಕರ. ಅವರು 16ರ ಸಭೆಯಲ್ಲಿ ಇರಲಿಲ್ಲವೆಂಬುದನ್ನೂ ಮರೆಯುವಂತಿಲ್ಲ.

ಕಾರ್ಟರ್, ವ್ಯಾನ್ಸ್ ಗ್ರಂಥಗಳೆರಡೂ ವಿವಾದ ಬಹಿರಂಗವಾದ ಕೆಲವು ವರ್ಷಗಳ ನಂತರ ಬಂದವು. ದಯಾನ್ ಅವರ ‘ಬ್ರೇಕ್‌ಥ್ರೂ’ (1981) ಕೂಡ ಹಾಗೆಯೇ. ಸ್ಮರಣೆಯ ಮೇಲೆ ವಾದದ ನೆರಳು ಬಿದ್ದಿರುವ ಸಾಧ್ಯತೆಯನ್ನು ಎರಡೂ ಪಕ್ಷಗಳ ವಿಷಯದಲ್ಲಿ ಸಮಾನವಾಗಿ ಪರಿಗಣಿಸುವುದು ನ್ಯಾಯ. ಸಭೆಗೆ ಅತ್ಯಂತ ಹತ್ತಿರದ ಅಮೆರಿಕನ್ ಸಾರ್ವಜನಿಕ ಪಾಠವೆಂದರೆ 18ರಂದು ಕಾಂಗ್ರೆಸ್ಸಿನ ಜಂಟಿ ಅಧಿವೇಶನದಲ್ಲಿ ಕಾರ್ಟರ್ ಮಾಡಿದ ಭಾಷಣ. ಸಾದತ್, ಬೆಗಿನ್ ಇಬ್ಬರೂ ಅಂದು ಸಭಾಂಗಣದಲ್ಲಿದ್ದರು.

4. ‘ಐದು ವರ್ಷ’

ಆ ಭಾಷಣದ ಪಾಠದಲ್ಲಿ ಸ್ಥಗಿತಕ್ಕೆ ಐದು ವರ್ಷದ ಅವಧಿ ನಿಗದಿಯಾಗಿಲ್ಲ. ಚೌಕಟ್ಟಿಗೆ ಸಹಿಯಾದ ಮೇಲೆ, ಪ್ಯಾಲೆಸ್ತೀನಿ ಸ್ವಯಮಾಡಳಿತದ ಸ್ಥಾಪನೆ ಕುರಿತ ಮಾತುಕತೆ ನಡೆಯುವಾಗ, ಹೊಸ ಇಸ್ರೇಲಿ ವಸಾಹತು ಸ್ಥಾಪನೆಯಾಗುವುದಿಲ್ಲ. ಮುಂದಿನ ವಸಾಹತುಗಳ ಪ್ರಶ್ನೆಯನ್ನು ಮಾತುಕತೆಯ ಪಕ್ಷಗಳು ತೀರ್ಮಾನಿಸುತ್ತವೆ. ಭಾಷಣದ ತಾತ್ಪರ್ಯ ಇಷ್ಟು.

ಚೌಕಟ್ಟಿನ ಪ್ರಕಾರ ಐದು ವರ್ಷದ ಎಣಿಕೆ ಶುರುವಾಗುವುದು ಪ್ರಾಧಿಕಾರ ರಚನೆಯಾಗಿ ಅಧಿಕಾರ ವಹಿಸಿಕೊಂಡ ಮೇಲೆ. ಕಾರ್ಟರ್ ಹೇಳಿದ ಸ್ಥಗಿತ ಅದಕ್ಕಿಂತ ಹಿಂದಿನ ಹಂತದ್ದು, ಪ್ರಾಧಿಕಾರಕ್ಕಾಗಿ ಮಾತುಕತೆ ನಡೆಯುವ ಕಾಲದ್ದು. ಅಕ್ಷರಶಃ ಓದಿದರೆ ಐದು ವರ್ಷ ಆರಂಭವಾಗುವ ಹೊತ್ತಿಗೆ ಸ್ಥಗಿತದ ಅವಧಿ ಮುಗಿದಿರುತ್ತದೆ. ಎರಡನ್ನೂ ಬೆಸೆದ ಓದು ನಂತರದ್ದು ಎಂದು ತೋರುತ್ತದೆ. ‘ಮೂರು ತಿಂಗಳು’ ಎಂಬ ಅಂಕಿಗೆ ಎದುರಾಗಿ ಇನ್ನೊಂದು ಅಂಕಿ ಬೇಕಾಗಿ ಅದು ಚೌಕಟ್ಟಿನಿಂದ ಎರವಲು ಬಂದಿರಬಹುದು. ಇದು ಊಹೆ ಮಾತ್ರ.

ಹೀಗಾಗಿ ಭಿನ್ನಾಭಿಪ್ರಾಯವನ್ನು ಅವಧಿಯ ಉದ್ದದ ಜಗಳವಾಗಿ ನೋಡುವುದಕ್ಕಿಂತ, ಸ್ಥಗಿತ ಯಾವ ಮಾತುಕತೆಗೆ ಅಂಟಿಕೊಂಡಿತ್ತು ಎಂಬ ಪ್ರಶ್ನೆಯಾಗಿ ನೋಡುವುದು ಹೆಚ್ಚು ನಿಖರ. ಬೆಗಿನ್ ಅದನ್ನು ಎರಡನೆಯ ಚೌಕಟ್ಟಿಗೆ ಕಟ್ಟಿದರು, ಕಾರ್ಟರ್ ಮೊದಲನೆಯದಕ್ಕೆ.

5. ಎರಡು ಸೂತ್ರಗಳ ಕಾಲಗಣನೆ

ಬೆಗಿನ್ ಸೂತ್ರದಂತೆ ಸ್ಥಗಿತ 1978ರ ಡಿಸೆಂಬರ್ 17ಕ್ಕೆ ಕೊನೆಗೊಳ್ಳುತ್ತದೆ. ಆದರೆ ಅಷ್ಟರೊಳಗೆ ಒಪ್ಪಂದ ಸಿದ್ಧವಾಗಲಿಲ್ಲ. ಸಹಿಯಾದದ್ದು 1979ರ ಮಾರ್ಚ್ 26ರಂದು, ಗುರಿಯ ದಿನಾಂಕ ದಾಟಿ 99 ದಿನಗಳ ನಂತರ. ಮೂರು ತಿಂಗಳು ಎಂಬುದು ಮಾತುಕತೆಯ ನಿರೀಕ್ಷಿತ ಅವಧಿಯ ಹೆಸರೇ ಆಗಿದ್ದರೆ, ಬೆಗಿನ್ ಸೂತ್ರದಲ್ಲೇ ಮಾರ್ಚ್ 26ರವರೆಗಿನ ಓದಿಗೂ ಎಡೆ ಉಂಟು. ಈ ಅಂಶಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಕಾರ್ಟರ್ ಸೂತ್ರಕ್ಕೆ ಅಂತಿಮ ದಿನಾಂಕವೇ ಇಲ್ಲ. ಸ್ವಯಮಾಡಳಿತದ ಮಾತುಕತೆ 1979ರ ಮೇ 25ರಂದು ಬೀರ್‌ಶೆಬಾದಲ್ಲಿ ಶುರುವಾಯಿತು. ಒಂದು ವರ್ಷದಲ್ಲಿ ಮುಗಿಸುವ ಗುರಿಯಿತ್ತು. ಮುಗಿಯಲಿಲ್ಲ, 1982ರ ಲೆಬನಾನ್ ಯುದ್ಧದ ಹೊತ್ತಿಗೆ ಫಲವಿಲ್ಲದೆ ನಿಂತುಹೋಯಿತು. ಆ ಚೌಕಟ್ಟಿನ ಪ್ರಾಧಿಕಾರ ರಚನೆಯಾಗದ್ದರಿಂದ ಅದರ ಐದು ವರ್ಷದ ಎಣಿಕೆ ಒಂದು ದಿನವೂ ನಡೆಯಲಿಲ್ಲ.

6. ‘ಹೊಸ’ ವಸಾಹತು ಎಂಬ ಮಿತಿ

ಒಂದು ವಿಷಯದಲ್ಲಿ ಎರಡೂ ಸೂತ್ರಗಳು ಒಂದೇ. ಎರಡೂ ನಿಷೇಧಿಸುವುದು ಹೊಸ ವಸಾಹತುಗಳ ಸ್ಥಾಪನೆಯನ್ನು. 1978ರ ಅಕ್ಟೋಬರ್ ಕೊನೆಯ ವಾರದಲ್ಲಿ, ಯಾರ ಲೆಕ್ಕದಲ್ಲೂ ಸ್ಥಗಿತ ಜಾರಿಯಲ್ಲಿದ್ದಾಗಲೇ, ಪಶ್ಚಿಮ ದಂಡೆಯಲ್ಲಿ ಆಗಲೇ ಇದ್ದ ವಸಾಹತುಗಳನ್ನು ವಿಸ್ತರಿಸುವ ನಿರ್ಧಾರವನ್ನು ಇಸ್ರೇಲ್ ಸರ್ಕಾರ ಹೊರಗೆಡಹಿತು. ಒಪ್ಪಂದದ ಮಾತುಕತೆ ಆಗ ವಾಷಿಂಗ್ಟನ್‌ನಲ್ಲಿ ನಡೆಯುತ್ತಿತ್ತು. ಕಾರ್ಟರ್ ಆಕ್ಷೇಪಿಸಿದರು. ಆಕ್ಷೇಪಕ್ಕೆ ರಾಜಕೀಯ ತೂಕವಿತ್ತು, ಆದರೆ ಅವರದೇ ಭಾಷಣದ ಪಾಠದಿಂದ ಅದನ್ನು ಸಮರ್ಥಿಸುವುದು ಕಷ್ಟ. ಇರುವ ವಸಾಹತಿಗೆ ಮನೆಗಳನ್ನು, ಜಮೀನನ್ನು, ಜನರನ್ನು ಸೇರಿಸುವುದರ ಬಗ್ಗೆ ಆ ಪಾಠ ಏನನ್ನೂ ಹೇಳುವುದಿಲ್ಲ. ಪ್ಯಾಲೆಸ್ತೀನಿ ಗ್ರಾಮಗಳ ಮಟ್ಟಿಗೆ ಅವಧಿಗಿಂತ ಈ ಲೋಪ ಹೆಚ್ಚು ಮುಖ್ಯವಾಗಿತ್ತೆಂದು ವಾದಿಸಲು ಅವಕಾಶವಿದೆ. ಅದಕ್ಕೆ ವಸಾಹತುವಾರು ಜಮೀನಿನ ದಾಖಲೆಗಳನ್ನು 1978ರ ಸೆಪ್ಟೆಂಬರ್‌ನಿಂದ ತಿಂಗಳ ಕ್ರಮದಲ್ಲಿ ಜೋಡಿಸಿ ನೋಡಬೇಕಾಗುತ್ತದೆ.