ಮೂಗಿಗಿಂತ ಮೂಗುತಿ ಭಾರ

ಕೋರ್ಟು ಕಚೇರಿಯ ಮಾತು ಬಂದಾಗಲೆಲ್ಲ ನಮ್ಮ ಹಿರಿಯರು ‘ಗೆದ್ದವನು ಸೋತ, ಸೋತವನು ಸತ್ತ’ ಎನ್ನುತ್ತಿದ್ದರು. ಮಾತು ನಮ್ಮದಾದರೂ ಅದರ ಸತ್ಯವನ್ನು ಕೈಯಾರೆ ಹಣ ತೆತ್ತು ಕಲಿತವರಲ್ಲಿ ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಒಬ್ಬರು. 1843ರ ಡಿಸೆಂಬರಿನಲ್ಲಿ ಅವರ ‘ಎ ಕ್ರಿಸ್‌ಮಸ್ ಕ್ಯಾರಲ್’ ಪ್ರಕಟವಾಯಿತು. ಕೆಲವೇ ವಾರಗಳಲ್ಲಿ ಅಗ್ಗದ ಪತ್ರಿಕೆಯೊಂದು ಅದನ್ನು ಕದ್ದು ಅಚ್ಚುಹಾಕಿತು. ಡಿಕನ್ಸ್ 1844ರ ಜನವರಿಯಲ್ಲಿ ಲಂಡನ್ನಿನ ಚಾನ್ಸರಿ ನ್ಯಾಯಾಲಯಕ್ಕೆ ಹೋದರು, ಗೆದ್ದರು. ಆದರೆ ಎದುರು ಪಕ್ಷದವರು ದಿವಾಳಿ ಎದ್ದರು. ಪರಿಹಾರ ಬರುವುದು ಹಾಗಿರಲಿ, ಗೆದ್ದವರೇ ಸುಮಾರು 700 ಪೌಂಡು ಖರ್ಚನ್ನು ಹೊರಬೇಕಾಯಿತು.

ಆ ಕಹಿಯ ಪಾಲೂ ಇದ್ದಿರಬೇಕು, 1852-53ರಲ್ಲಿ ಕಂತುಗಳಾಗಿ ಬಂದ ‘ಬ್ಲೀಕ್ ಹೌಸ್’ ಕಾದಂಬರಿಯಲ್ಲಿ. ಅದರಲ್ಲಿ ಬರುವ ಉತ್ತರಾಧಿಕಾರದ ವ್ಯಾಜ್ಯ ತಲೆಮಾರುಗಳವರೆಗೆ ನಡೆದು, ಕೊನೆಗೆ ನ್ಯಾಯ ನಿರ್ಣಯವಾಗಿ ಅಲ್ಲ, ಆಸ್ತಿಯೆಲ್ಲ ಖರ್ಚಿನಲ್ಲೇ ಕರಗಿಹೋದ್ದರಿಂದ ಮುಗಿಯುತ್ತದೆ. ಇದು ಉತ್ಪ್ರೇಕ್ಷೆಯೆಂದು ಭಾವಿಸುವವರಿಗಾಗಿ, ಇಪ್ಪತ್ತು ವರ್ಷಗಳ ಹಿಂದೆ ಆರಂಭವಾಗಿ 70,000 ಪೌಂಡು ನುಂಗಿಯೂ ಮುಗಿಯದ ನಿಜವಾದ ದಾವೆಯೊಂದನ್ನು ಡಿಕನ್ಸ್ ಮುನ್ನುಡಿಯಲ್ಲಿ ಉಲ್ಲೇಖಿಸಿದ್ದಾರೆ.

ಚಿಕ್ಕ ವ್ಯಾಜ್ಯಕ್ಕೆ ಚಿಕ್ಕ ವಿಚಾರಣೆ ಸಾಕೆಂಬ ವಿಚಾರ ಆ ಕಾಲಕ್ಕೆ ಅಪರಿಚಿತವೇನೂ ಆಗಿರಲಿಲ್ಲ. 1846ರ ಕಾಯಿದೆಯಿಂದ ಇಂಗ್ಲೆಂಡಿನಲ್ಲಿ 20 ಪೌಂಡಿನವರೆಗಿನ ಬೇಡಿಕೆಗಳಿಗೆ ಕೌಂಟಿ ನ್ಯಾಯಾಲಯಗಳು ಹುಟ್ಟಿದವು. ಅದೇ ವಿಚಾರ ಹಡಗು ಹತ್ತಿ ಇಲ್ಲಿಗೂ ಬಂದಿತು: 1850ರ ಕಾಯಿದೆ ಕಲ್ಕತ್ತ, ಮದರಾಸು, ಮುಂಬಯಿಗಳಿಗೆ, 1887ರ ಕಾಯಿದೆ ಪ್ರಾಂತಗಳಿಗೆ. ಬೆಂಗಳೂರಿನಲ್ಲಿ ‘ಲಘು ವ್ಯವಹಾರಗಳ ನ್ಯಾಯಾಲಯ’ ಎಂಬ ಫಲಕವನ್ನು ಕಂಡವರು ನಿಮ್ಮಲ್ಲಿ ಹಲವರಿರಬಹುದು. ಅದೂ ಈ ವಂಶದ ಕುಡಿಯೇ.

ಆದರೆ ದೊಡ್ಡ ನ್ಯಾಯಾಲಯಗಳ ರೀತಿ ಬದಲಾಗಲು ಇನ್ನೂ ನೂರೈವತ್ತು ವರ್ಷ ಹಿಡಿಯಿತು. 1990ರ ದಶಕದಲ್ಲಿ ಲಾರ್ಡ್ ವುಲ್ಫ್ ಅವರು ಇಂಗ್ಲೆಂಡಿನ ಸಿವಿಲ್ ವ್ಯವಸ್ಥೆಯನ್ನು ಪರಿಶೀಲಿಸಿ 1995 ಮತ್ತು 1996ರಲ್ಲಿ ಎರಡು ವರದಿಗಳನ್ನು ಕೊಟ್ಟರು. ಸಣ್ಣ ಮೊತ್ತದ ದಾವೆಗಳಲ್ಲಿ ಒಂದು ಪಕ್ಷದ ಖರ್ಚೊಂದೇ ದಾವೆಯ ಮೊತ್ತವನ್ನು ಮೀರುತ್ತಿದ್ದುದು ಅವರಿಗೆ ಕಂಡ ದೊಡ್ಡ ರೋಗ. ಮೂಗಿಗಿಂತ ಮೂಗುತಿ ಭಾರ! ಅವರ ಸಲಹೆಯಂತೆ ರೂಪುಗೊಂಡ ಹೊಸ ನಿಯಮಾವಳಿ 1999ರ ಏಪ್ರಿಲ್ 26ರಂದು ಜಾರಿಗೆ ಬಂದಿತು. ಮಧ್ಯಮ ಗಾತ್ರದ ದಾವೆಗಳ ಸಾಕ್ಷ್ಯ-ವಾದಗಳೆಲ್ಲ ಒಂದೇ ದಿನದೊಳಗೆ ಮುಗಿಯಬೇಕೆಂಬ ಕಟ್ಟು ಬಂದಿತು. ವಕೀಲರ ಕೈಯಲ್ಲಿದ್ದ ಲಗಾಮು ನ್ಯಾಯಾಧೀಶರ ಕೈಗೆ ಬಂದಿತು.

ಆ ನಿಯಮಾವಳಿಯ ಮೊದಲ ನಿಯಮವೇ ಪ್ರಮಾಣಬದ್ಧತೆಯನ್ನು ಹೇಳುತ್ತದೆ. ನಾನು ತರಗತಿಯಲ್ಲಿ ತ್ರೈರಾಶಿಕ ಕಲಿಸಿದ್ದು ನಿಮಗೆ ನೆನಪಿರಬಹುದು. ಇದು ಆ ಲೆಕ್ಕವಲ್ಲ. ದಾವೆಯ ಮೊತ್ತ, ಅದರ ಮಹತ್ವ, ಪ್ರಶ್ನೆಗಳ ಜಟಿಲತೆ, ಪಕ್ಷಗಾರರ ಆರ್ಥಿಕ ಸ್ಥಿತಿ, ಇವು ನಾಲ್ಕನ್ನೂ ಒಟ್ಟಿಗೆ ತೂಗಬೇಕು. ಜೊತೆಗೆ, ನ್ಯಾಯಾಲಯದ ವೇಳೆಯಲ್ಲಿ ಒಂದು ದಾವೆ ತಿನ್ನುವ ಪಾಲನ್ನು, ಹೊರಗೆ ಕಾದಿರುವ ಇತರ ದಾವೆಗಳನ್ನೂ ಗಮನಿಸಿಯೇ ನಿಗದಿಪಡಿಸಬೇಕು. ಸಾಲಿನಲ್ಲಿ ಹಿಂದೆ ನಿಂತವನ ಹಕ್ಕನ್ನು ನಿಯಮದೊಳಗೇ ಬರೆದದ್ದು ನನ್ನ ಮಟ್ಟಿಗೆ ಇಡೀ ಸುಧಾರಣೆಯ ಅತ್ಯಂತ ಮಾನವೀಯ ಸಾಲು.

ತೊಡಕು ಬಂದದ್ದು ಖರ್ಚಿನ ವಿಷಯದಲ್ಲಿ. ಇಂಗ್ಲೆಂಡಿನಲ್ಲಿ ಸೋತವನು ಗೆದ್ದವನ ಖರ್ಚನ್ನು ಕೊಡುವುದು ವಾಡಿಕೆ. ಎಷ್ಟು ಕೊಡಬೇಕು? 2002ರಲ್ಲಿ ಅಪೀಲು ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂದಿತು. ಸೆರೆಮನೆಯಲ್ಲಿ ತನಗೆ ಸರಿಯಾದ ಚಿಕಿತ್ಸೆ ದೊರೆಯಲಿಲ್ಲವೆಂದು ಒಬ್ಬಾತ ಗೃಹ ಇಲಾಖೆಯ ಮೇಲೆ ದಾವೆ ಹೂಡಿದ್ದ. 3,000 ಪೌಂಡಿಗೆ ರಾಜಿಯಾಯಿತು. ಖರ್ಚು ಮಾತ್ರ ಸುಮಾರು 17,000 ಪೌಂಡು! ತೀರ್ಪು ಬರೆದವರು ಲಾರ್ಡ್ ವುಲ್ಫ್ ಅವರೇ. ಒಟ್ಟು ಖರ್ಚು ಪ್ರಮಾಣ ಮೀರಿದಂತೆ ಕಂಡರೆ ಪ್ರತಿಯೊಂದು ಬಾಬನ್ನೂ ಅದು ಅಗತ್ಯವಾಗಿತ್ತೇ ಎಂದು ಪರೀಕ್ಷಿಸಬೇಕು, ಅಗತ್ಯವಾಗಿದ್ದರೆ ಕೊಡಿಸಬೇಕು ಎಂದು ಅವರು ದಾರಿ ತೋರಿದರು.

ಸರ್ ರೂಪರ್ಟ್ ಜಾಕ್ಸನ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅಗತ್ಯವೆಂದ ಮಾತ್ರಕ್ಕೆ ಯಾವುದೂ ಪ್ರಮಾಣಬದ್ಧವಾಗದು ಎಂಬುದು ಅವರ ವರದಿಯ ನಿಲುವು. 2013ರ ಏಪ್ರಿಲ್ 1ರಿಂದ ನಿಯಮವೇ ಬದಲಾಯಿತು: ಅಗತ್ಯವಾಗಿಯೇ ಮಾಡಿದ ಖರ್ಚಾದರೂ ಪ್ರಮಾಣ ಮೀರಿದ್ದರೆ ಅದನ್ನು ಕಡಿತಗೊಳಿಸಬಹುದು.

ತರ್ಕ ಅಚ್ಚುಕಟ್ಟಾಗಿದೆ, ಒಪ್ಪುತ್ತೇನೆ. ಆದರೆ ಕಡಿತಗೊಂಡ ಹಣವನ್ನು ತೆರುವವರು ಯಾರು? ವಕೀಲರು ಬಿಟ್ಟುಕೊಡದಿದ್ದರೆ ಗೆದ್ದ ಕಕ್ಷಿದಾರನೇ ತೆರಬೇಕು. ಶ್ರೀಮಂತ ಪ್ರತಿವಾದಿ ಹೆಜ್ಜೆ ಹೆಜ್ಜೆಗೂ ತಕರಾರು ತೆಗೆದು ಖರ್ಚನ್ನು ಏರಿಸಿದಾಗ, ಬಡ ವಾದಿಯ ಅಗತ್ಯವೂ ಏರುತ್ತದೆ. ಎದುರಾಳಿಯ ನಡತೆಯನ್ನೂ ತೂಗಬೇಕೆಂದು ನಿಯಮವೇನೋ ಹೇಳಿದೆ. ಅದನ್ನು ತೂಗುವಾಗ ನ್ಯಾಯಾಧೀಶರು ಧಾರಾಳವಾಗಿರದಿದ್ದರೆ, ಆ ಕೈದಿಯಂಥವನ 3,000 ಪೌಂಡಿನ ದಾವೆಯನ್ನು ಕೈಗೆತ್ತಿಕೊಳ್ಳಲು ವಕೀಲರೇ ಸಿಗುವುದು ಕಷ್ಟ.

2023ರ ಅಕ್ಟೋಬರಿನಿಂದ ಅಲ್ಲಿ 1,00,000 ಪೌಂಡಿನವರೆಗಿನ ಬಹುಪಾಲು ದಾವೆಗಳಿಗೆ ಸೋತವನು ಕೊಡಬೇಕಾದ ಖರ್ಚನ್ನು ಮೊದಲೇ ಕೋಷ್ಟಕದಲ್ಲಿ ನಿಗದಿಪಡಿಸಲಾಗಿದೆ. ನಮ್ಮಲ್ಲಿ ಈ ವಿಚಾರ ಬೇರೆ ರೂಪ ತಳೆದಿದೆ: 2002ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ಮೀರದ ಹಣ ವಸೂಲಿ ದಾವೆಗಳಿಗೆ ಎರಡನೆಯ ಅಪೀಲು ಇಲ್ಲ. ಇಲ್ಲಿ ಮೊತ್ತವೊಂದೇ ಅಳತೆಗೋಲು. ಆ ಹಣ ಯಾರಿಗೆ ಎಷ್ಟು ದೊಡ್ಡದು ಎಂಬ ಪ್ರಶ್ನೆಗೆ ಎಡೆಯಿಲ್ಲ. ವಕೀಲಿ ವೃತ್ತಿಯಲ್ಲಿರುವ ನನ್ನ ಶಿಷ್ಯರು ತಮ್ಮ ಅನುಭವವನ್ನು ಬರೆದು ತಿಳಿಸಿದರೆ ಸಂತೋಷ.